ಓದಲಾಗದ ಪತ್ರಕ್ಕೆ ಹೆಬ್ಬೆಟ್ಟು: ಹೊಸೂರು ಸೀಮೆಯ ದಲ್ಲಾಳಿ ತರುಣರಿಗೂ ಅವರ ಹಿರಿಯರಿಗೂ



ಹೊಸೂರು, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆಗಳ ಸುತ್ತಣ ಹಳ್ಳಿಗಳಲ್ಲಿ ಹೊಸದೊಂದು ಕಸುಬು ಬೇರೂರಿದೆ. ನೇಗಿಲು ಹಿಡಿಯಬೇಕಾಗಿದ್ದ ಕೈಯಲ್ಲಿ ಮೊಬೈಲು ಹಿಡಿದು, ಅತ್ತಿಬೆಲೆಯ ಗಡಿಯನ್ನು ದಿನಕ್ಕೆರಡು ಬಾರಿ ದಾಟಿ, ಬೆಂಗಳೂರಿನ ಧನಿಕರಿಗೆ ನಮ್ಮ ಹೊಲಗಳನ್ನು ತೋರಿಸುವ ತರುಣರು ಊರೂರಿನಲ್ಲಿಯೂ ಕಾಣಸಿಗುತ್ತಾರೆ. ಇವರನ್ನು ಕಂಡರೆ ಹಿರಿಯರು ಮೂಗು ಮುರಿಯುತ್ತಾರೆ. "ತಾಯಿಯನ್ನು ಮಾರಿ ತಿನ್ನುವವರು" ಎಂದು ಜಗಲಿಯ ಮೇಲೆ ಕುಳಿತು ಬೈಯುತ್ತಾರೆ. ಹಾಗೆ ಬೈದವರೇ ಮರುದಿನ ಗುಟ್ಟಾಗಿ ಅದೇ ಹುಡುಗನನ್ನು ಕರೆದು, "ನಮ್ಮ ಕೆರೆಯಂಚಿನ ತುಂಡಿಗೆ ಎಷ್ಟು ಬಂದೀತಪ್ಪಾ?" ಎಂದು ವಿಚಾರಿಸುವುದೂ ಉಂಟು.

ಈ ಬೈಗುಳಕ್ಕೆ ನಾನು ದನಿಗೂಡಿಸಲಾರೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ತಾಲ್ಲೂಕು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಮುಂದಿನ ತಲೆಮಾರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದಿತು, ಕಾರ್ಖಾನೆಗಳು ಎದ್ದವು. ೨೦೧೯ರಲ್ಲಿ ಹೊಸೂರು ಮಹಾನಗರಪಾಲಿಕೆಯೂ ಆಯಿತು. ಬೆಂಗಳೂರಿಗೆ ಇಷ್ಟು ಸಮೀಪದ ರಾಗಿಹೊಲವು ರಾಗಿಹೊಲವಾಗಿಯೇ ಉಳಿಯಲೆಂದು ನಾವು ಹಾರೈಸಬಹುದು. ಆದರೆ ಮಗಳ ಮದುವೆ, ಮಗನ ಕಾಲೇಜು, ಬತ್ತಿದ ಕೊಳವೆಬಾವಿ ಇವು ನಮ್ಮ ಹಾರೈಕೆಗೆ ಕಿವಿಗೊಡುವುವೇ? ಮಾರಬೇಕಾದವನು ಮಾರಿಯೇ ಮಾರುತ್ತಾನೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುವವನು ಯಾರು, ಅವನಿಗೆ ಏನು ಗೊತ್ತು, ಅವನು ಯಾರಿಗೆ ಉತ್ತರ ಕೊಡಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇಂದು ಅಲ್ಲಿ ನಿಂತಿರುವ ನಮ್ಮ ಹುಡುಗನಿಗೆ ಏನು ಗೊತ್ತು? ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಮಾತನಾಡಬಲ್ಲ. ಆದರೆ ತಮಿಳಿನ ಕ್ರಯಪತ್ರವನ್ನು ಮುಂದಿಟ್ಟರೆ ಒಂದು ಸಾಲನ್ನು ತಡೆಯಿಲ್ಲದೆ ಓದಲಾರ. ನೋಂದಣಿ ಕಚೇರಿಯ ಮುಂದಿನ ಮರದಡಿಯಲ್ಲಿ ಈ ದೃಶ್ಯವನ್ನು ಕಣ್ಣಾರೆ ಕಂಡಿದ್ದೇನೆ. ಪತ್ರ ಬರೆಯುವವನು ಹತ್ತು ಹಾಳೆಗಳ ತಮಿಳನ್ನು ಮಂತ್ರದಂತೆ ಗಡಗಡನೆ ಓದಿ ಮುಗಿಸಿದ. ಮುದುಕ ರೈತನು ಹುಡುಗನ ಮುಖ ನೋಡಿದ. "ಎಲ್ಲಾ ಸರಿಯಾಗಿದೆ ದೊಡ್ಡಪ್ಪಾ, ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ" ಎಂದ ಆತ. ಅವನಿಗೂ ಏನೂ ಅರ್ಥವಾಗಿರಲಿಲ್ಲವೆಂಬುದನ್ನು ಆಮೇಲೆ ಅವನೇ ನನ್ನೊಡನೆ ಒಪ್ಪಿಕೊಂಡನು. ದೊಡ್ಡಪ್ಪನೆಂದು ಕರೆದ ನಾಲಗೆಯೇ ಅಲ್ಲಿ ಜಾಮೀನು ನಿಂತದ್ದು! ಅನ್ಯರು ಮಾಡುವ ಮೋಸಕ್ಕಿಂತ ನಮ್ಮವರ ಈ ಅರೆತಿಳಿವು ಹೆಚ್ಚು ಅಪಾಯಕರವೆಂದು ನಾನು ಹೇಳುತ್ತೇನೆ. ಅನ್ಯನಾದರೆ ರೈತನು ಒಂದು ಕ್ಷಣವಾದರೂ ಸಂಶಯಪಡುತ್ತಿದ್ದ.

ಅಳತೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನವನು ಗುಂಟೆಗಿಷ್ಟು ಎಂದು ಬೆಲೆ ಹೇಳುತ್ತಾನೆ. ನಮ್ಮ ರೈತನು ಸೆಂಟಿನಲ್ಲಿ ಎಣಿಸುತ್ತಾನೆ. ಪಟ್ಟಾದಲ್ಲಿ ಬರೆದಿರುವುದು ಹೆಕ್ಟೇರು ಮತ್ತು ಏರ್‌ಗಳಲ್ಲಿ. ಎಕರೆಗೆ ೪೦ ಗುಂಟೆ, ೧೦೦ ಸೆಂಟು, ಏರ್‌ಗಳಲ್ಲಾದರೆ ನಲವತ್ತೂವರೆಯ ಆಸುಪಾಸು. ಗುಂಟೆಗೆ ಎರಡು ಲಕ್ಷವೆಂದು ಆಡಿದ ಮಾತನ್ನು ಸೆಂಟಿಗೆ ಎರಡು ಲಕ್ಷವೆಂದು ಕೇಳಿಸಿಕೊಂಡವನು ಎಕರೆಗೆ ಎರಡು ಕೋಟಿ ಬಂದೀತೆಂದು ಮನೆಗೆ ಹೋಗುತ್ತಾನೆ. ಕೈಗೆ ಬರುವುದು ಎಂಬತ್ತು ಲಕ್ಷ. ಯಾರೂ ಸುಳ್ಳು ಹೇಳಲಿಲ್ಲ. ನಡುವೆ ನಿಂತವನು ಲೆಕ್ಕ ಬಿಡಿಸಿ ಹೇಳಲಿಲ್ಲ, ಅಷ್ಟೆ. ನೂರಕ್ಕೆ ಒಂದೋ ಎರಡೋ ರೂಪಾಯಿ ದಲ್ಲಾಳಿ ಹಣ ಎಣಿಸಿಕೊಳ್ಳುವವನಿಗೆ ಇಷ್ಟು ಗುಣಾಕಾರದ ಹೊಣೆಯೂ ಇಲ್ಲವೇ?

"ನೋಂದಣಿ ಆಯಿತಲ್ಲ, ಇನ್ನೇನು ಭಯ?" ಎನ್ನುವವರಿದ್ದಾರೆ. ನೋಂದಣಿ ಅಧಿಕಾರಿಯು ಮುಖ್ಯವಾಗಿ ನೋಡುವುದು ಬರೆದುಕೊಟ್ಟವನು ಇವನೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುತ್ತಾನೆಯೇ ಎಂಬುದನ್ನು. ಮಾರುವವನಿಗೆ ಆ ಭೂಮಿಯ ಮೇಲೆ ಪೂರ್ಣ ಹಕ್ಕಿದೆಯೆಂದು ಆತನ ಮೊಹರು ಸಾರುವುದಿಲ್ಲ. ಪಟ್ಟಾ ಕಂದಾಯದ ದಾಖಲೆ. ಅದೊಂದೇ ಒಡೆತನವನ್ನು ಸ್ಥಾಪಿಸದು. ವಿಲ್ಲಂಗ ಸರ್ಟಿಫಿಕೇಟಿನಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಅದರಲ್ಲಿ ಎಲ್ಲಿಂದ ಬರಬೇಕು? ಮೂಲಪತ್ರದಿಂದ ಹಿಡಿದು ಪತ್ರಗಳ ಸರಪಳಿಯನ್ನು ಒಂದೊಂದು ಕೊಂಡಿಯಾಗಿ ಮುಟ್ಟಿ ನೋಡಲಾರದವನು ಈ ಕಸುಬಿಗೆ ಕೈಹಾಕಕೂಡದು.

ಹೆಣ್ಣುಮಕ್ಕಳ ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಹಳ್ಳಿಗಳಿಂದ ಆನೇಕಲ್ಲಿಗೂ ಕನಕಪುರಕ್ಕೂ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಭೂಮಿಯ ಲೆಕ್ಕದಲ್ಲಿ ಮರೆತುಬಿಡುವುದು ನಮ್ಮ ಹಳೆಯ ಚಾಳಿ. ಹಿಂದೂ ಉತ್ತರಾಧಿಕಾರ ಕಾನೂನಿನ ೨೦೦೫ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು; ತಂದೆಯು ಆ ತಿದ್ದುಪಡಿಗೆ ಮುಂಚೆಯೇ ತೀರಿಕೊಂಡಿದ್ದರೂ ಹಕ್ಕು ಅಳಿಯದೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ಸ್ಪಷ್ಟಪಡಿಸಿತು. ತಂಗಿಯ ರುಜುವಿಲ್ಲದೆ ಮಾರಿದ ಹೊಲವು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸಹಜ. ಅರಿಶಿನ ಕುಂಕುಮ ಕೊಟ್ಟು ಕಳುಹಿಸಿದೆವೆಂಬುದು ಅಲ್ಲಿ ಉತ್ತರವಾಗದು.

ಇನ್ನು ಪವರ್ ಪತ್ರ. "ಕ್ರಯ ಆಮೇಲೆ ಮಾಡಿಕೊಳ್ಳೋಣ, ಈಗ ಮುಂಗಡ ತಗೊಂಡು ಪವರ್ ಬರೆದುಕೊಡಿ" ಎಂಬ ಮಾತು ಕಿವಿಗೆ ಬಿದ್ದೊಡನೆ ಎದ್ದು ಬನ್ನಿರಿ. ಪವರ್ ಪತ್ರವೂ ಕರಾರುಪತ್ರವೂ ಭೂಮಿಯ ಒಡೆತನವನ್ನು ವರ್ಗಾಯಿಸವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿಯೇ ತೀರ್ಪು ಕೊಟ್ಟಿದೆ. ಕೊಂಡವನಿಗೆ ಒಡೆತನ ಸಿಕ್ಕದು ನಿಜ, ಆದರೆ ನಿಮ್ಮ ಹೆಸರಿನಲ್ಲಿ ಯಾರಿಗೆ ಬೇಕಾದರೂ ಮಾರುವ ಅಧಿಕಾರ ಸಿಕ್ಕಿತು. ಬಾಕಿ ಹಣವು ಬರುವ ಮುಂಚೆಯೇ ಹೊಲವು ಮೂರನೆಯವನ ಕೈ ಸೇರಬಹುದು. ಆ ಮುಂಗಡವನ್ನು ನೋಟಿನ ಕಟ್ಟಿನಲ್ಲಿ ಎಣಿಸಿಕೊಳ್ಳುವುದಂತೂ ಎರಡನೆಯ ಅವಿವೇಕ. ೨೦೧೫ರ ಜೂನ್ ೧ರಿಂದ ಸ್ಥಿರಾಸ್ತಿಯ ಮಾರಾಟದಲ್ಲಿ ೨೦,೦೦೦ ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯಕರದ ಕಾನೂನು ನಿಷೇಧಿಸಿದೆ. ಎರಡೂ ಕಡೆಯವರಿಗೆ ಬೇಸಾಯದ ಆದಾಯವಿದ್ದು ಕರ ತೆರುವ ಆದಾಯವಿಲ್ಲದಿದ್ದರೆ ಮಾತ್ರ ವಿನಾಯಿತಿ. ದಂಡವು ಪಡೆದ ಹಣದಷ್ಟೇ ಆಗಬಹುದು, ಬೀಳುವುದು ಪಡೆದವನ ಮೇಲೆ, ಎಂದರೆ ರೈತನ ಮೇಲೆ. ಕಾರಿನಲ್ಲಿ ಬಂದವನು ಕಾರಿನಲ್ಲಿಯೇ ಹೋಗುತ್ತಾನೆ.

ಸರ್ಕಾರವೇನು ಮಾಡಿದೆ? ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾನೂನು, ಜನರು ರೇರಾ ಎನ್ನುವುದು, ನೋಂದಣಿಗೆ ಒಳಪಟ್ಟ ಬಡಾವಣೆಗಳಲ್ಲಿ ನಿವೇಶನ ಮಾರಿಸುವ ದಲ್ಲಾಳಿಯು ತನ್ನ ಹೆಸರನ್ನು ನೋಂದಾಯಿಸಬೇಕೆಂದು ವಿಧಿಸಿದೆ. ತಪ್ಪಿದರೆ ದಿನಕ್ಕೆ ೧೦,೦೦೦ ರೂಪಾಯಿಯಂತೆ, ಆ ನಿವೇಶನದ ಬೆಲೆಯ ನೂರಕ್ಕೆ ಐದರವರೆಗೆ ದಂಡ. ಅದೇ ೨೦೧೬ರ ಸೆಪ್ಟೆಂಬರಿನಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅನುಮತಿಯಿಲ್ಲದ ಬಡಾವಣೆಗಳ ನಿವೇಶನಗಳ ನೋಂದಣಿಗೆ ತಡೆಯೊಡ್ಡಿತು. ಮರುವರ್ಷ ಸಕ್ರಮಗೊಳಿಸುವ ನಿಯಮಗಳು ಬಂದವು. ಒಳ್ಳೆಯದೇ. ಆದರೆ ಗಮನಿಸಿರಿ: ಇವೆಲ್ಲವೂ ಬಡಾವಣೆಯಲ್ಲಿ ನಿವೇಶನ ಕೊಳ್ಳುವವನಿಗೆ ಹಿಡಿದ ಕೊಡೆಗಳು. ಆ ಬಡಾವಣೆ ಆಗುವ ಮುಂಚೆ ಅದೇ ನೆಲವನ್ನು ಹೊಲವಾಗಿ ಮಾರಿದ ರೈತನ ತಲೆಯ ಮೇಲೆ ಕೊಡೆಯೇ ಇಲ್ಲ. ಹೊಲವನ್ನು ಹೊಲವಾಗಿಯೇ ಮಾರಿಸುವ ದಲ್ಲಾಳಿಯನ್ನು ರೇರಾ ಮುಟ್ಟುವುದಿಲ್ಲ. ಪಟ್ಟಣದವನಿಗೆ ಕಾನೂನು, ಹಳ್ಳಿಯವನಿಗೆ ದೇವರು!

ಆದುದರಿಂದ ಕಾನೂನು ವಿಧಿಸದಿದ್ದುದನ್ನು ಊರೇ ವಿಧಿಸಬೇಕು. ಈ ಕಸುಬಿಗೆ ಇಳಿಯುವ ತರುಣನು ಮೊದಲು ತಮಿಳು ಓದಲು ಕಲಿಯಲಿ. ಕನ್ನಡದ ಕೆಲಸ ಮಾಡುವ ಕೈಯೇ ತಮಿಳು ಕಲಿಯಿರೆಂದು ಬರೆಯುವುದೇ ಎಂದು ಕೆಲವರು ಹುಬ್ಬೇರಿಸುವರು. ಹೊಲ ಹೋದ ಮೇಲೆ ಅವರ ಅಭಿಮಾನವು ಯಾವ ಮಣ್ಣಿನಲ್ಲಿ ನಿಲ್ಲುವುದೋ ತಿಳಿಯದು. ಗಡಿಯ ವ್ಯಾಜ್ಯವು ತೀರುವವರೆಗೆ ಕ್ರಯಪತ್ರವು ಕಾಯುವುದಿಲ್ಲ. ನೆರೆಯವನ ಲಿಪಿಯನ್ನು ಓದಬಲ್ಲ ಕನ್ನಡಿಗನಿಗೆ ಯಾರೂ ಏನನ್ನೂ ತಪ್ಪು ಓದಿ ಹೇಳಲಾರರು.

ಅದರ ಜೊತೆಗೆ ಕನ್ನಡದ ಹಕ್ಕನ್ನೂ ಬಿಡಬೇಕಾಗಿಲ್ಲ. ೧೯೦೮ರ ನೋಂದಣಿ ಕಾನೂನಿನ ೧೯ನೆಯ ಕಲಮನ್ನು ಓದಿರಿ: ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರವನ್ನು ಕೂಡ ಸರಿಯಾದ ಭಾಷಾಂತರವನ್ನೂ ನಕಲನ್ನೂ ಜೊತೆಗಿಟ್ಟರೆ ಆ ಕಾರಣಕ್ಕಾಗಿ ತಿರಸ್ಕರಿಸಬೇಕಾಗಿಲ್ಲ. ಅಷ್ಟು ದೂರ ಹೋಗುವ ಧೈರ್ಯವಿಲ್ಲದಿದ್ದರೆ, ತಮಿಳಿನಲ್ಲಿಯೇ ಪತ್ರವಾಗಲಿ. ಆದರೆ ಅದರ ಪೂರ್ಣ ತಾತ್ಪರ್ಯವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿರಿ. ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಸೆಂಟಿನಲ್ಲಿಯೂ ಗುಂಟೆಯಲ್ಲಿಯೂ ವಿಸ್ತೀರ್ಣ, ಬಂದ ಹಣ, ಬರಬೇಕಾದ ಹಣ ಎಲ್ಲವೂ ಅದರಲ್ಲಿರಲಿ. ನೋಂದಣಿಯ ಹಿಂದಿನ ರಾತ್ರಿ ಮನೆಯ ಹೆಂಗಸರೂ ಮಕ್ಕಳೂ ಕೂಡಿರುವಾಗ ಅದನ್ನು ಗಟ್ಟಿಯಾಗಿ ಓದಿಸಿರಿ. ಕೆಳಗೆ ದಲ್ಲಾಳಿಯು ತನ್ನ ಹೆಸರು, ತಂದೆಯ ಹೆಸರು, ಊರು ಬರೆದು ರುಜು ಹಾಕಲಿ. ಹಾಕಲಾರೆನೆಂದರೆ ಮರುದಿನ ಹೊಸೂರಿನ ಬಸ್ಸು ಹತ್ತಬೇಡಿರಿ.