ತೋಳಕ್ಕೆ ಅಭಯ, ಕುರಿಗಾಹಿಗೆ ನಷ್ಟ: ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಪ್ರಶ್ನೆ

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶ ಈಗ ತೋಳಧಾಮವಾಗಿದೆ. 2025ರಲ್ಲಿ ಅಲ್ಲಿ ತೋಳವೊಂದು 8 ಮರಿ ಹಾಕಿದ ಸುದ್ದಿ ಜೀವದಯೆಯುಳ್ಳವರಿಗೆಲ್ಲ ಸಂತಸ ತಂದಿತು. ಆದರೆ ತೋಳ ಧಾಮದ ಗಡಿಯೊಳಗೇ ಉಳಿಯುವ ಪ್ರಾಣಿಯಲ್ಲ. ಹುಲಿಯಂತೆ ಅದಕ್ಕೆ ದಟ್ಟ ಕಾಡು ಬೇಕಿಲ್ಲ. ಬಯಲುಸೀಮೆಯ ಹುಲ್ಲುಗಾವಲು, ಕುರುಚಲು ಗುಡ್ಡಗಳೇ ಅದರ ನೆಲೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಅಂಥ ನೆಲ. ಕುರುಬರು, ಕಾಡುಗೊಲ್ಲರು ತಲೆಮಾರುಗಳಿಂದ ಕುರಿ ಮೇಯಿಸುತ್ತಿರುವುದೂ ಇಲ್ಲಿಯೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ತೋಳಕ್ಕೆ ಸ್ಥಾನವಿದೆ. ಅದನ್ನು ಕೊಲ್ಲುವುದು ಅಪರಾಧ. ಕಾನೂನು ಸರಿಯಾದುದೇ. ಆದರೆ ಅದರ ಬೆಲೆ ತೆರುತ್ತಿರುವವರು ಯಾರು?

ಒಂದು ಕಡೆ ಮೇವಿನ ನೆಲ ಕುಗ್ಗಿದೆ. 2009ರ ಆಸುಪಾಸಿನಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೋ, ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಹಂಚಿಕೆಯಾಯಿತು. ಕೃಷ್ಣಮೃಗ, ಮೊಲಗಳಂಥ ಸಹಜ ಬೇಟೆಯ ನೆಲ ಕಡಿಮೆಯಾದಷ್ಟೂ ತೋಳ ಕುರಿಹಟ್ಟಿಯತ್ತ ಮುಖ ಮಾಡುತ್ತದೆ.

ಇನ್ನೊಂದು ಕಡೆ ಪರಿಹಾರದ ತೊಡಕು. ವನ್ಯಜೀವಿಯಿಂದ ಸತ್ತ ಜಾನುವಾರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಆದರೆ ಅದಕ್ಕೆ ಪುರಾವೆ ಬೇಕು. ತೋಳವೋ ಕುರಿಮರಿಯನ್ನು ಕಚ್ಚಿಕೊಂಡೇ ಹೋಗುತ್ತದೆ. ಕಳೇಬರವೇ ಇಲ್ಲದಾಗ ಮಹಜರು ಯಾವುದರದು? ಸಿಕ್ಕರೂ ಕಚ್ಚಿದ್ದು ಬೀದಿನಾಯಿಯೋ ತೋಳವೋ ಎಂಬ ವಾದ. ಊರಿಂದೂರಿಗೆ ಮಂದೆ ಹೊಡೆದುಕೊಂಡು ಹೋಗುವವನು ಕಚೇರಿಗೆ ಎಷ್ಟು ಸಲ ಅಲೆದಾನು? ಹತಾಶೆಯಿಂದ ಯಾರಾದರೂ ವಿಷವಿಟ್ಟರೆ ತೋಳದೊಂದಿಗೆ ನರಿ, ನಾಯಿ, ಹದ್ದುಗಳೂ ಸಾಯುತ್ತವೆ.

ದಾರಿಗಳು ಇಲ್ಲದೇ ಇಲ್ಲ. ರಾತ್ರಿ ಮಂದೆಗೆ ಗಟ್ಟಿ ರೊಪ್ಪ, ಒಳ್ಳೆಯ ಕಾವಲು ನಾಯಿ, ಸ್ಥಳದಲ್ಲೇ ಫೋಟೊ ಮತ್ತು ಪಂಚಾಯಿತಿ ಸಾಕ್ಷಿಯ ಮೇಲೆ ಬೇಗ ಸಿಗುವ ಪರಿಹಾರ, ಉಳಿದ ಕಾವಲುಗಳನ್ನು ಹುಲ್ಲುಗಾವಲಾಗಿಯೇ ಉಳಿಸುವುದು. ಮೊದಲ ಎರಡಕ್ಕೆ ಬೇಕಾಗುವ ಹಣ ದೊಡ್ಡದೇನಲ್ಲ. ಗೋಶಾಲೆಗೆ ದಾನ ಕೊಡುವ ನಮ್ಮ ಕುಟುಂಬಗಳು, ಟ್ರಸ್ಟುಗಳು ಇದನ್ನೂ ಜೀವದಯೆಯ ಲೆಕ್ಕಕ್ಕೆ ಸೇರಿಸಬಹುದು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ಹಿರಿಯರ ಸೇವೆಯ ಜೊತೆಗೆ ಜೀವಿಗಳ ಮೇಲಿನ ದಯೆಯನ್ನೂ ಕರ್ತವ್ಯವೆಂದು ಹೇಳುತ್ತದೆ. ಆ ದಯೆ ತೋಳಕ್ಕೂ ಸಲ್ಲಬೇಕು, ಕುರಿಗೂ ಸಲ್ಲಬೇಕು, ಕುರಿ ಕಳೆದುಕೊಂಡವನಿಗೂ ಸಲ್ಲಬೇಕು. ಅಹಿಂಸೆಯ ಖರ್ಚನ್ನೆಲ್ಲ ಬಡ ಕುರಿಗಾಹಿಯೊಬ್ಬನ ಹೆಗಲಿಗೆ ಹೊರಿಸಿ ಪುಣ್ಯ ಮಾತ್ರ ನಮ್ಮದೆನ್ನುವುದು ನ್ಯಾಯವಲ್ಲ.