ಒಪ್ಪಿಸುವ ದಾರಿಯೊಂದಿದೆ, ತಿಳಿಸಿ

ಪೊದೆಯಲ್ಲಿ, ದೇವಸ್ಥಾನದ ಕಟ್ಟೆಯ ಮೇಲೆ, ಕಸದ ತೊಟ್ಟಿಯ ಪಕ್ಕದಲ್ಲಿ ಹಸುಗೂಸು ಸಿಕ್ಕಿತೆಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಶೀರ್ಷಿಕೆ ಹೆಚ್ಚುಕಡಿಮೆ ಒಂದೇ ಬಗೆಯದು: ಕರುಣೆಯಿಲ್ಲದ ತಾಯಿ. ಅಪ್ಪನೆಂಬವನು ಎಲ್ಲಿ ಹೋದ ಎಂದು ಕೇಳುವವರು ಕಡಿಮೆ.

ಹಾಗೆ ಮಗುವನ್ನು ಬಿಟ್ಟುಹೋಗುವವರು ಯಾರು? ಮದುವೆಗೆ ಮುಂಚೆ ಬಸುರಾಗಿ ಯಾರಿಗೂ ಹೇಳಲಾರದವಳು. ಅತ್ಯಾಚಾರಕ್ಕೆ ಒಳಗಾದ ಬಾಲಕಿಯ ಮನೆಯವರು. ಮತ್ತೆ ಹೆಣ್ಣೇ ಹುಟ್ಟಿತೆಂದು ಹೆದರಿದವರು. ಇವರಲ್ಲಿ ಅನೇಕರಿಗೆ ಒಂದು ಸಂಗತಿ ಗೊತ್ತೇ ಇರುವುದಿಲ್ಲ. ಸಾಕಲಾಗದ ಮಗುವನ್ನು ಕಾನೂನಿನ ಪ್ರಕಾರವೇ ಒಪ್ಪಿಸಬಹುದು.

2015ರ ಬಾಲನ್ಯಾಯ ಕಾಯ್ದೆಯ 35ನೇ ಸೆಕ್ಷನ್ ಇದಕ್ಕೆಂದೇ ಇದೆ. ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು, ತಮ್ಮ ಕಷ್ಟ ಹೇಳಿಕೊಂಡು, ಪತ್ರಕ್ಕೆ ಸಹಿ ಹಾಕಿ ಮಗುವನ್ನು ಒಪ್ಪಿಸಬಹುದು. ಸಮಿತಿ ಮೊದಲು ಅವರೊಡನೆ ಮಾತನಾಡುತ್ತದೆ. ಮನಸ್ಸು ಬದಲಾದರೆ ಮಗುವನ್ನು ವಾಪಸ್ ಪಡೆಯಲು ಎರಡು ತಿಂಗಳ ಕಾಲಾವಕಾಶವೂ ಇದೆ. ಒಪ್ಪಿಸಿದವರ ಗುರುತನ್ನು ಗುಟ್ಟಾಗಿ ಇಡುತ್ತಾರೆ. ಹೀಗೆ ಒಪ್ಪಿಸುವುದು ಅಪರಾಧವಲ್ಲ. ಆದರೆ ಮಗುವನ್ನು ಎಲ್ಲೋ ಬಿಟ್ಟುಹೋಗುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ. ಹೆದರಿ ಅವಿತುಕೊಳ್ಳುವವಳಿಗೆ ಈ ವ್ಯತ್ಯಾಸವನ್ನು ಹೇಳುವವರಾರು?

ಸಾಕಲಾಗದವರು ಮಗುವನ್ನು ಗುಟ್ಟಾಗಿ ಇಟ್ಟುಹೋಗಲೆಂದು ತಮಿಳುನಾಡು 1992ರಲ್ಲೇ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ಶುರುಮಾಡಿತು. ಕೇರಳದಲ್ಲಿ 2002ರಿಂದ ಅಂಥದ್ದೇ 'ಅಮ್ಮತೊಟ್ಟಿಲ್' ಇದೆ. ತೊಟ್ಟಿಲು ಬೇಕು, ಅದು ಜೀವ ಉಳಿಸುತ್ತದೆ. ಹೆಣ್ಣುಮಗುವನ್ನು ಬಿಟ್ಟುಕೊಡಲು ಅದು ಸಲೀಸು ದಾರಿಯಾಯಿತೆಂಬ ಟೀಕೆಯಲ್ಲೂ ಹುರುಳಿದೆಯೆನ್ನಿ. ಆದರೂ ತೊಟ್ಟಿಲಿನವರೆಗೆ ಬರಲು, ಅದು ಅಲ್ಲಿದೆ ಎಂಬುದಾದರೂ ಆಕೆಗೆ ತಿಳಿದಿರಬೇಕಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಓಣಿಯಲ್ಲಿ, ಹಾಸ್ಟೆಲಿನಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಯಾರಾದರೂ ಬಸಿರನ್ನು ಮುಚ್ಚಿಡುತ್ತಿರುವಂತೆ ಕಂಡರೆ ವಿಚಾರಣೆಗೆ ನಿಲ್ಲಬೇಡಿ. "ಊಟ ಆಯ್ತಾ, ಡಾಕ್ಟರ ಹತ್ತಿರ ಹೋಗಿಬರೋಣವಾ" ಎಂದು ಕೇಳಿ. ಅಷ್ಟು ಸಾಕು. ಉಳಿದದ್ದನ್ನು ಆಕೆಯೇ ಹೇಳುತ್ತಾಳೆ, ಇವತ್ತಲ್ಲದಿದ್ದರೆ ಇನ್ನೊಂದು ದಿನ. ನಿಮ್ಮ ಆಶಾ ಕಾರ್ಯಕರ್ತೆಯೊಡನೆ, ಅಂಗನವಾಡಿ ಟೀಚರೊಡನೆ ಈ ಕಾನೂನಿನ ಬಗ್ಗೆ ಒಮ್ಮೆ ಮಾತನಾಡಿ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ "ಏನೇ ಆದರೂ ಮೊದಲು ನಮಗೆ ಹೇಳು" ಎಂದು ಕಷ್ಟ ಬರುವ ಮುಂಚೆಯೇ ಹೇಳಿಡಿ. ಗಂಡುಮಕ್ಕಳಿಗೆ ಅವರ ಹೊಣೆಯನ್ನೂ ನೆನಪಿಸಿ.

ಹಾಗಿದ್ದೂ ಒಂದು ಮಗು ನಿಮ್ಮ ಕಣ್ಣಿಗೆ ಬಿದ್ದರೆ, ಮೊದಲು ಅದನ್ನು ಬೆಚ್ಚಗಿಡಿ. ಎಳೆಗೂಸಿಗೆ ಚಳಿಯೇ ದೊಡ್ಡ ಅಪಾಯ. ಒಣಬಟ್ಟೆಯಿಂದ ಮೈ ಒರೆಸಿ, ತಲೆ ಮುಚ್ಚಿ, ಎದೆಗೆ ಅಪ್ಪಿಕೊಳ್ಳಿ. ಸ್ನಾನ ಮಾಡಿಸಬೇಡಿ. ಸಕ್ಕರೆ ನೀರು, ಹಸುವಿನ ಹಾಲು ಯಾವುದನ್ನೂ ಬಾಯಿಗೆ ಹಾಕಬೇಡಿ. ಹೊಕ್ಕುಳಬಳ್ಳಿಯನ್ನು ಎಳೆಯಬೇಡಿ. 108ಕ್ಕೆ ಕರೆ ಮಾಡಿ, ಜೊತೆಗೇ 1098 ಮಕ್ಕಳ ಸಹಾಯವಾಣಿಗೆ ಅಥವಾ 112ಕ್ಕೆ ತಿಳಿಸಿ. ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸುವುದು ಕಾನೂನು ನಮ್ಮೆಲ್ಲರಿಗೂ ವಿಧಿಸಿದ ಕರ್ತವ್ಯ. ಮಗುವಿನ ಫೋಟೊವನ್ನು ವಾಟ್ಸಾಪಿನಲ್ಲಿ ಹಂಚದಿರಿ. ಅದರ ಗುರುತು ಬಯಲಾಗಬಾರದೆಂದೂ ಬಾಲನ್ಯಾಯ ಕಾಯ್ದೆ ಹೇಳುತ್ತದೆ.

ಮಕ್ಕಳಿಲ್ಲದ ದಂಪತಿಗಳಿಗೂ ಒಂದು ಮಾತು. ಸಿಕ್ಕ ಮಗುವನ್ನು ನಾವೇ ಸಾಕಿಕೊಳ್ಳೋಣ ಎಂಬ ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ಆದರೆ ನರ್ಸ್ ಮೂಲಕವೋ ಮಧ್ಯವರ್ತಿಯ ಮೂಲಕವೋ ನೇರವಾಗಿ ಪಡೆದ ಮಗು ಕಾನೂನಿನ ಕಣ್ಣಲ್ಲಿ ನಿಮ್ಮದಾಗುವುದಿಲ್ಲ. ಶಿಕ್ಷೆಯೂ ಆಗಬಹುದು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ಕಾಯುವುದು ಕಷ್ಟ, ನಿಜ. ಆ ಕಾಯುವಿಕೆಯ ಕೊನೆಗೆ ಬರುವ ಮಗುವನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲಾರರು.

ನಿಮ್ಮ ಊರಿನಲ್ಲಿ ಮುಂದಿನ ಮಕ್ಕಳ ಗ್ರಾಮಸಭೆ ನಡೆದಾಗ ದಯವಿಟ್ಟು ಎದ್ದುನಿಂತು ಒಂದು ಬೇಡಿಕೆ ಇಡಿ. 1098 ಸಂಖ್ಯೆಯನ್ನೂ "ಮಗುವನ್ನು ಒಪ್ಪಿಸಬಹುದು, ಗುಟ್ಟು ಕಾಯುತ್ತೇವೆ" ಎಂಬ ಒಂದು ಸಾಲನ್ನೂ ಆರೋಗ್ಯ ಕೇಂದ್ರದ ಗೋಡೆಯ ಮೇಲೆ, ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಪಂಚಾಯಿತಿಯವರು ಬರೆಸಲಿ. ಅಲ್ಲಾದರೆ ಆಕೆ ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳಬಹುದು.