ಕೊಳವೆಯೋ, ಕಿಂಡಿಯೋ

ಅಕ್ಕನ ಮಗನಿಗೆ ಆಗ ಆರು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿ. ಪಿತ್ತ ಅಂದರು, ಹುಳು ಅಂದರು, ಸ್ಕೂಲು ತಪ್ಪಿಸೋ ನಾಟಕ ಅಂದವರೂ ಇದ್ದರು. ನಡೆಯುವಾಗ ವಾಲತೊಡಗಿದ ಮೇಲೆ ಎಂಆರ್‌ಐ ಆಯಿತು. ಕಿರುಮೆದುಳಿನ ನಡುವೆ ಗೆಡ್ಡೆ, ಅದರ ಮೇಲಿನ ಕುಹರಗಳಲ್ಲೆಲ್ಲ, ಅಂದರೆ ಮೆದುಳೊಳಗಿನ ಟೊಳ್ಳುಗಳಲ್ಲೆಲ್ಲ, ನೀರು ಕಟ್ಟಿತ್ತು. ಗೆಡ್ಡೆ ತೆಗೆದರು. ತಲೆಯಿಂದ ಹೊರಟ ಸಣ್ಣ ಡ್ರೈನ್ ಟ್ಯೂಬು ಮಂಚದ ಪಕ್ಕದ ಸ್ಟ್ಯಾಂಡಿನ ಚೀಲಕ್ಕೆ ಬಂತು. ಅದರ ಮಟ್ಟವನ್ನು ಮಗುವಿನ ಕಿವಿಯ ನೇರಕ್ಕೆ ಅಳೆದು ಇಡಬೇಕು. ಚೀಲ ಕೆಳಗಿಳಿದರೆ ನೀರು ಅತಿಯಾಗಿ ಹರಿಯುತ್ತದೆ, ಮೇಲೇರಿದರೆ ನಿಂತುಬಿಡುತ್ತದೆ. ಹಾಲು ಕುಡಿಸಲು ದಿಂಬು ಎತ್ತುವ ಮೊದಲು ಅಕ್ಕ ಪ್ರತಿ ಸಲವೂ ಸಿಸ್ಟರನ್ನು ಕರೆದು ಟ್ಯೂಬು ಮುಚ್ಚಿಸುತ್ತಿದ್ದಳು. ಎರಡು ಸಲ ಡ್ರೈನ್ ಮುಚ್ಚಿ ನೋಡಿದರು. ಎರಡು ಸಲವೂ ಹುಡುಗ ಮಂಕಾದ, ವಾಂತಿ ಶುರುವಾಯಿತು.

ಡ್ರೈನನ್ನು ಹೆಚ್ಚು ದಿನ ಬಿಡುವಂತಿಲ್ಲ, ದಿನ ಕಳೆದಷ್ಟೂ ಸೋಂಕಿನ ಭಯ. ಶಂಟ್ ಎಂಬ ಕೊಳವೆ ಹಾಕಬಹುದು, ಇಲ್ಲವೇ ಎಂಡೋಸ್ಕೋಪಿಯಲ್ಲಿ ಒಳಗೇ ಒಂದು ಕಿಂಡಿ ಮಾಡಬಹುದು ಎಂದರು ಡಾಕ್ಟರು. ಭಾವ ರಾತ್ರಿ ಫೋನ್ ಮಾಡಿದರು: "ಯಾವುದು ಒಳ್ಳೇದು, ನೋಡಿ ಹೇಳೋ."

ಮೆದುಳಿನ ನೀರು ಕೆರೆಯ ನೀರಿನಂತೆ ನಿಂತದ್ದಲ್ಲ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ಹುಟ್ಟುತ್ತದೆ, ಆದರೆ ಯಾವ ಹೊತ್ತಿಗೆ ನೋಡಿದರೂ ಇರುವುದು 150 ಮಿಲಿಲೀಟರ್ ಆಸುಪಾಸು. ಉಳಿದದ್ದೆಲ್ಲ ರಕ್ತಕ್ಕೆ ಸೇರುತ್ತಲೇ ಇರಬೇಕು. ಮೆಡುಲ್ಲೊಬ್ಲಾಸ್ಟೊಮಾದಂಥ ಮಕ್ಕಳ ಗೆಡ್ಡೆಗಳು ನಾಲ್ಕನೇ ಕುಹರದಲ್ಲಿ, ಸರಿಯಾಗಿ ತೂಬಿನ ಬಾಯಿಗೇ ಬೆಳೆಯುತ್ತವೆ. ಗೆಡ್ಡೆ ಹೋದರೆ ತೂಬು ಬಿಟ್ಟುಕೊಳ್ಳಬೇಕು. ಹೆಚ್ಚಿನ ಮಕ್ಕಳಲ್ಲಿ ಬಿಟ್ಟುಕೊಳ್ಳುತ್ತದೆ. ಮೂರು ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹಾಗಾಗುವುದಿಲ್ಲ. ಗಾಯ ಮಾಯುವಾಗ ದಾರಿ ಮತ್ತೆ ಕಟ್ಟಿಕೊಂಡಿರಬಹುದು. ಅಥವಾ ದಾರಿ ತೆರೆದೇ ಇದ್ದು, ಆಪರೇಷನ್ನಿನ ರಕ್ತ, ಕಸರು ಸೇರಿ ನೀರು ಹೀರಿಕೊಳ್ಳುವ ಜಾಗವೇ ಕೆಟ್ಟಿರಬಹುದು. ಭಾವನಿಗೆ ನಾನು ಮೊದಲು ಹೇಳಿದ್ದು ಇಷ್ಟೇ: "ಇವನದು ಎರಡರಲ್ಲಿ ಯಾವುದು ಅಂತ ಕೇಳಿ."

ಶಂಟ್ ಪರವಾಗಿ ದೊಡ್ಡ ಮಾತೆಂದರೆ, ಕಾರಣ ಯಾವುದೇ ಇರಲಿ ಅದು ಕೆಲಸ ಮಾಡುತ್ತದೆ. ಕುಹರದಿಂದ ಚರ್ಮದಡಿಯಲ್ಲಿ ಕಿವಿಯ ಹಿಂದೆ, ಕತ್ತು, ಎದೆ ದಾಟಿ ಹೊಟ್ಟೆಯವರೆಗೆ ಒಂದು ಕೊಳವೆ, ನಡುವೆ ಕವಾಟ. ಮಗು ಉದ್ದವಾಗುತ್ತದೆಂದು ಹೊಟ್ಟೆಯೊಳಗೆ ಟ್ಯೂಬನ್ನು ಹೆಚ್ಚಿಗೆ ಬಿಟ್ಟಿರುತ್ತಾರೆ. 1950ರ ದಶಕದಲ್ಲಿ ಫಿಲಡೆಲ್ಫಿಯಾದ ಜಾನ್ ಹೋಲ್ಟರ್ ಎಂಬ ಯಂತ್ರಕುಶಲಿ, ತನ್ನ ಮಗನಿಗೇ ಮೆದುಳಲ್ಲಿ ನೀರು ತುಂಬುವ ಕಾಯಿಲೆ ಇದ್ದುದರಿಂದ, ಸಿಲಿಕೋನ್ ಕವಾಟ ಮಾಡಲು ಕೂತ. ಆಮೇಲೆ ಲೆಕ್ಕವಿಲ್ಲದಷ್ಟು ಮಕ್ಕಳು ಬದುಕಿದರು. ದುಡ್ಡಿನ ಅಡ್ಡಿಯೂ ನಮ್ಮಲ್ಲಿ ಕಡಿಮೆ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಅಗ್ಗದ ಛಾಬ್ರಾ ಶಂಟನ್ನು ಉಗಾಂಡಾದಲ್ಲಿ ವೈದ್ಯ ಬೆಂಜಮಿನ್ ವಾರ್ಫ್ ಅದರ ಹಲವು ಪಟ್ಟು ಬೆಲೆಯ ಶಂಟ್ ಜೊತೆ ಹೋಲಿಸಿ 2005ರಲ್ಲಿ ವರದಿ ಮಾಡಿದಾಗ, ಮಕ್ಕಳ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದರೆ ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಅರ್ಧಕ್ಕೆ ಹತ್ತಿರ ಎರಡು ವರ್ಷದೊಳಗೆ ಕೆಡುತ್ತವೆ. ಆಮೇಲೂ ಯಾವ ವರ್ಷ ಬೇಕಾದರೂ ಕೆಡಬಹುದು. ಸೋಂಕು ತಗುಲಿದರೆ ಪೂರ್ತಿ ತೆಗೆದು, ಆಂಟಿಬಯಾಟಿಕ್ ಕೊಟ್ಟು, ಹೊಸದು ಹಾಕಬೇಕು. ಆಂಟಿಬಯಾಟಿಕ್ ಲೇಪಿಸಿದ ಟ್ಯೂಬು ಬಳಸಿದರೆ ಸೋಂಕು ನೂರಕ್ಕೆ 6ರಿಂದ 2ಕ್ಕೆ ಇಳಿಯುತ್ತದೆಂದು 2019ರ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು, ನೆಮ್ಮದಿಯ ಸುದ್ದಿಯೇ. ಆದರೂ ಗೆಡ್ಡೆಯ ಮಕ್ಕಳ ಪಾಡು ಬೇರೆ. ಮೆಡುಲ್ಲೊಬ್ಲಾಸ್ಟೊಮಾ ಆದರೆ ಆಪರೇಷನ್ ಆಗಿ ನಾಲ್ಕಾರು ವಾರದೊಳಗೆ ರೇಡಿಯೇಶನ್ ಶುರುವಾಗಬೇಕು, ಹಿಂದೆಯೇ ಕೀಮೋ. ಆ ನಡುವೆ ಶಂಟ್‌ಗೆ ಸೋಂಕಾದರೆ ಕ್ಯಾನ್ಸರಿನ ಚಿಕಿತ್ಸೆಯೇ ನಿಲ್ಲುತ್ತದೆ.

ಕಿಂಡಿಯಲ್ಲಿ ಈ ತಾಪತ್ರಯವಿಲ್ಲ, ದೇಹದೊಳಗೆ ಏನನ್ನೂ ಬಿಡುವುದಿಲ್ಲ. ಮೂರನೇ ಕುಹರದ ತೆಳು ತಳವನ್ನು ತೂತು ಮಾಡಿ, ಕಟ್ಟಿಕೊಂಡ ಜಾಗವನ್ನು ಬಳಸಿ ನೀರು ಹೊರಗೆ ಹೋಗುವಂತೆ ಮಾಡುತ್ತಾರೆ. ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ 1923ರಲ್ಲೇ ಮೂತ್ರನಾಳ ನೋಡುವ ದುರ್ಬೀನಿನಿಂದ ಇದನ್ನು ಒಂದು ಮಗುವಿಗೆ ಮಾಡಿದ್ದರು. ತಳದ ಕೆಳಗೇ ಬೇಸಿಲಾರ್ ರಕ್ತನಾಳ ಮಿಡಿಯುತ್ತಿರುತ್ತದೆ. ಅದಕ್ಕೆ ಪೆಟ್ಟು ಬೀಳುವುದು ಅಪರೂಪ. ಬಿದ್ದರೆ ಜೀವಕ್ಕೇ ಅಪಾಯ. ಹೀರಿಕೊಳ್ಳುವ ಜಾಗವೇ ಕೆಟ್ಟಿದ್ದರೆ ಕಿಂಡಿ ಎಷ್ಟೇ ಚೆನ್ನಾಗಿದ್ದರೂ ನೀರಿಗೆ ಹೋಗಲು ಎಡೆಯಿಲ್ಲ. ಟೊರಾಂಟೊದ ಅಭಯ ಕುಲಕರ್ಣಿ ಮತ್ತು ಜೊತೆಗಾರರು 2009ರಲ್ಲಿ ಇದಕ್ಕೊಂದು ಅಂಕಪಟ್ಟಿ ಮಾಡಿದರು: ವಯಸ್ಸು, ಕಾರಣ, ಮೊದಲು ಶಂಟ್ ಇತ್ತೇ ಎಂಬುದು. ನಮ್ಮ ಹುಡುಗನಿಗೆ ಬಂದದ್ದು 70. ಅಂದರೆ ಆರು ತಿಂಗಳು ಕಿಂಡಿ ನಿಲ್ಲುವ ಸಾಧ್ಯತೆ ನೂರಕ್ಕೆ ಎಪ್ಪತ್ತರ ಸುಮಾರು. ಉಳಿದ ಮೂವತ್ತನ್ನು ಭಾವ ಎರಡೆರಡು ಸಲ ಕೇಳಿಸಿಕೊಂಡರು.

ಹಾಗಿದ್ದರೆ ಗೆಡ್ಡೆ ತೆಗೆಯುವ ಮೊದಲೇ ಎಲ್ಲ ಮಕ್ಕಳಿಗೂ ಕಿಂಡಿ ಮಾಡಿಬಿಡಬಾರದೇಕೆ? ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯವರು 2001ರಲ್ಲಿ ಹೇಳಿದ್ದು ಅದನ್ನೇ: ಮೊದಲೇ ಮಾಡಿಸಿಕೊಂಡವರಲ್ಲಿ ನೂರಕ್ಕೆ 6 ಮಕ್ಕಳಿಗೆ ಮಾತ್ರ ನೀರಿನ ತೊಂದರೆ ಉಳಿಯಿತು, ಉಳಿದವರಲ್ಲಿ 27ರಷ್ಟು. ಎದುರಿನವರ ಲೆಕ್ಕವೂ ಇದೇ ಅಂಕಿಯಿಂದಲೇ ಹೊರಡುತ್ತದೆ. 27 ಮಕ್ಕಳಿಗೆ ಬೇಕಾಯಿತೆಂದರೆ 73 ಮಕ್ಕಳಿಗೆ ಬೇಕಿರಲಿಲ್ಲ. ಅವರ ಮೆದುಳಿಗೆ ದುರ್ಬೀನು ಇಳಿಸುವುದೇಕೆ? ನನಗೆ ಎರಡನೆಯ ಮಾತೇ ಸರಿ ಕಾಣುತ್ತದೆ. ಎರಡು ವರ್ಷದೊಳಗಿನ ವಯಸ್ಸು, ಕಣ್ಣಿನ ನರದ ಊತ, ಕುಹರಗಳ ಗಾತ್ರ, ಗೆಡ್ಡೆ ಹರಡಿದೆಯೇ, ಅದು ಯಾವ ಜಾತಿಯದು ಎಂದು ನೋಡಿ ಅಪಾಯ ಅಂದಾಜು ಮಾಡುವ ಕೆನಡಾದ ಸೂತ್ರವೊಂದು 2009ರಿಂದ ಇದೆ. ಅದರಂತೆ ಆರಿಸಿ ಮಾಡುವುದು ಮೇಲು. ಆದರೆ ಮಗು ಮಂಕಾಗಿ ಬಂದಿದೆ, ಗೆಡ್ಡೆಯ ಆಪರೇಷನ್ನಿಗೆ ಸರದಿ ಸಿಗಲು ವಾರ ಹಿಡಿಯುತ್ತದೆ ಎಂಬ ಕಡೆ ಪ್ಯಾರಿಸ್ಸಿನವರ ವಾದಕ್ಕೆ ತೂಕ ಬರುತ್ತದೆ.

ಪುಸ್ತಕಗಳಲ್ಲಿ ಕಡಿಮೆ ಕಾಣುವ, ನನ್ನನ್ನು ಹೆಚ್ಚು ಕಾಡಿದ ಸಂಗತಿ ಊರಿನ ದೂರ. ಅಕ್ಕನ ಊರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು. ಶಂಟ್ ಇರುವ ಮಗು ವಾಂತಿ ಮಾಡಿದರೆ ಕಿವಿಯ ಹಿಂದಿನ ಗುಬುಟು ನೋಡಿ ತಾಲ್ಲೂಕು ಆಸ್ಪತ್ರೆಯ ಎಳೆಯ ಡಾಕ್ಟರೂ ಎಚ್ಚೆತ್ತುಕೊಳ್ಳುತ್ತಾರೆ. ಕಿಂಡಿ ಕೆಡುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ; ಆಮೇಲೆ ಅದು ಶಂಟ್‌ಗಿಂತ ನಂಬಿಕಸ್ತ. ಆದರೆ ವರ್ಷಗಳ ಮೇಲೆ, ಅಪರೂಪಕ್ಕೆ, ಗಂಟೆಗಳಲ್ಲಿ ಮುಚ್ಚಿಕೊಂಡು ಮಕ್ಕಳು ತೀರಿಕೊಂಡದ್ದುಂಟು. ಶಂಟ್ ಬೇಡವಾಯಿತು ಎಂದರೆ ಗುಣವಾಯಿತು ಎಂದೇ ಮನೆಯವರು ತಿಳಿಯುತ್ತಾರೆ. ಹೊರಗಿನಿಂದ ಕಾಣುವುದು ಕೂದಲಲ್ಲಿ ಮುಚ್ಚಿಹೋಗುವ ಸಣ್ಣ ಗೆರೆ.

ಸ್ಕ್ಯಾನಿನಲ್ಲಿ ದಾರಿ ಕಟ್ಟಿದ್ದು ಸ್ಪಷ್ಟವಿತ್ತು, ರೇಡಿಯೇಶನ್ನಿಗೆ ಮೂರು ವಾರ ಉಳಿದಿತ್ತು. ಕಿಂಡಿ ಮಾಡಿಸಿದರು. ಆಮೇಲಿನ ಮೂರು ತಿಂಗಳು ಅಕ್ಕ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಹಿಡಿದಳು. ಹುಡುಗನಿಗೆ ಈಗ ಹನ್ನೊಂದು. ಅವನ ಸ್ಕೂಲ್ ಬ್ಯಾಗಿನ ಒಳಜೇಬಿನಲ್ಲಿ ಲ್ಯಾಮಿನೇಟ್ ಮಾಡಿಸಿದ ಚೀಟಿಯೊಂದಿದೆ, ಭಾವನ ಕೈಬರಹ: "ತಲೆಯೊಳಗೆ ಕಿಂಡಿ ಮಾಡಿದೆ. ತಲೆನೋವು, ವಾಂತಿ, ಅತಿ ನಿದ್ದೆ ಬಂದರೆ ಅದು ಮುಚ್ಚಿರಬಹುದು. ಅವತ್ತೇ ಸ್ಕ್ಯಾನ್ ಮಾಡಿಸಬೇಕು."